ಎಲ್‌ಎಲ್‌ಬಿ ಮುಗೀತು, ಮುಂದೇನು? ಕರ್ನಾಟಕದ ಕಾನೂನು ಪದವೀಧರರಿಗೆ ಹಂತ ಹಂತದ ಮಾರ್ಗದರ್ಶಿ

ಕೊನೆಯ ಸೆಮಿಸ್ಟರ್ ಹತ್ತಿರ ಬಂದಂತೆ ಎಲ್ಲರೂ ಕೇಳುವುದು ಇದನ್ನೇ. ಕೋರ್ಟಿಗೆ ಹೋಗಲಾ, ಕಂಪನಿ ಸೇರಲಾ, ಜಡ್ಜ್ ಪರೀಕ್ಷೆಗೆ ಓದಲಾ, ಇಲ್ಲಾ ಎಲ್‌ಎಲ್‌ಎಂ ಮಾಡಲಾ? ಮನೆಯಲ್ಲಿ ಒಬ್ಬರು ಒಂದು ಹೇಳುತ್ತಾರೆ, ಕಾಲೇಜಿನಲ್ಲಿ ಇನ್ನೊಬ್ಬರು ಇನ್ನೊಂದು. ತಲೆ ಕೆಡುತ್ತದೆ, ನಿಜ. ಆದರೆ ಯಾವ ಕೆಲಸಕ್ಕೆ ಏನು ಬೇಕು, ಯಾವುದನ್ನು ಮೊದಲು ಮಾಡಬೇಕು ಎಂದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಓದಿದವರಿಗೆ ಇರುವ ಒಳ್ಳೆಯ ಹುದ್ದೆಗಳಲ್ಲಿ ಬಹಳಷ್ಟು ನಿಮ್ಮ ವಕೀಲಿಕೆಗೆ ಎಷ್ಟು ವರ್ಷ ಆಯ್ತು ಎಂದು ಕೇಳುತ್ತವೆ. ಸಿವಿಲ್ ಜಡ್ಜ್ ಆಗಲು 3 ವರ್ಷ. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ವಕೀಲರಾಗಿ 7 ವರ್ಷ. ಪಬ್ಲಿಕ್ ಪ್ರಾಸಿಕ್ಯೂಟರ್ ಆಗಲು 7. ನೋಟರಿ ಆಗಲು ಸಾಮಾನ್ಯವಾಗಿ 10. ಈ ಲೆಕ್ಕ ಶುರುವಾಗುವುದು ಸನ್ನದು, ಅಂದರೆ ವಕೀಲರಾಗಿ ನೋಂದಾಯಿಸಿದ ಪ್ರಮಾಣಪತ್ರ, ಸಿಕ್ಕ ದಿನದಿಂದ. ಅದಕ್ಕೇ ಮುಂದಿನ ದಾರಿ ಇನ್ನೂ ತೀರ್ಮಾನ ಆಗಿಲ್ಲ ಎನ್ನುವವರಿಗೂ ನನ್ನ ಸಲಹೆ ಒಂದೇ: ಬೇರೆ ಕೆಲಸದಲ್ಲಿ ಇಲ್ಲದಿದ್ದರೆ ಮೊದಲು ಸನ್ನದು ತೆಗೆದುಕೊಳ್ಳಿ. ಯೋಚನೆ ಮಾಡುತ್ತಾ ಕೂತರೆ ಹೋದ ವರ್ಷ ವಾಪಸ್ ಬರುವುದಿಲ್ಲ.

ಹಂತ 1: ಕಾಗದ ಪತ್ರ ಸರಿ ಮಾಡಿಕೊಳ್ಳಿ

ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ, ಎಲ್‌ಎಲ್‌ಬಿ, ಇವೆಲ್ಲದರ ಅಂಕಪಟ್ಟಿಗಳನ್ನು ಒಂದು ಕಡೆ ಇಟ್ಟು ನಿಮ್ಮ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಇಷ್ಟೇ ಸಾಕು, ಅರ್ಜಿ ವಾರಗಟ್ಟಲೆ ನಿಲ್ಲುತ್ತದೆ. ವ್ಯತ್ಯಾಸ ಇದ್ದರೆ ಈಗಲೇ ಅಫಿಡವಿಟ್ ಮಾಡಿಸಿ. ತಪ್ಪು ವಿಶ್ವವಿದ್ಯಾಲಯದ್ದಾದರೆ ಅಲ್ಲೇ ತಿದ್ದುಪಡಿಗೆ ಅರ್ಜಿ ಹಾಕಿ. ಘಟಿಕೋತ್ಸವದವರೆಗೆ ಕಾಯಬೇಕಿಲ್ಲ, ಪ್ರೊವಿಷನಲ್ ಸರ್ಟಿಫಿಕೇಟ್, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಪಡೆದು ಮುಂದುವರಿಯಬಹುದು.

ಒಂದು ಎಚ್ಚರಿಕೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ, ಪಿಯುಸಿ ಓದದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದು, ಆಮೇಲೆ ಎಲ್‌ಎಲ್‌ಬಿ ಮಾಡಿದವರಿಗೆ ಸನ್ನದು ಸಿಗುವುದು ಕಷ್ಟ. ನಿಮ್ಮ ಓದಿನ ಸರಪಳಿಯಲ್ಲಿ ಇಂಥ ಕೊಂಡಿ ತಪ್ಪಿದ್ದರೆ ಸೀನಿಯರ್ ಹುಡುಕುವ ಮೊದಲೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಿ.

ಹಂತ 2: ಸನ್ನದು

ಸನ್ನದು ಎಂದರೆ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಿ ಕೊಡುವ ಪ್ರಮಾಣಪತ್ರ. 1961ರ ವಕೀಲರ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ 21 ವರ್ಷ ತುಂಬಿರಬೇಕು, ಭಾರತದ ಪೌರರಾಗಿರಬೇಕು, ಮಾನ್ಯತೆ ಇರುವ ಎಲ್‌ಎಲ್‌ಬಿ ಇರಬೇಕು. ಪರಿಷತ್ತಿನ ಕಚೇರಿ ಬೆಂಗಳೂರಿನಲ್ಲಿದೆ.

ಶುಲ್ಕದ ವಿಷಯ ಎಲ್ಲರೂ ಕೇಳುತ್ತಾರೆ. ಕಾಯ್ದೆಯಲ್ಲಿ ಇರುವುದು ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ಪರಿಷತ್ತಿಗೆ 150 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 100 ಮತ್ತು 25. ಎಷ್ಟೋ ರಾಜ್ಯಗಳಲ್ಲಿ ಇದರ ಮೇಲೆ ಸಾವಿರಾರು ರೂಪಾಯಿ ಬೇರೆ ಬೇರೆ ಹೆಸರಿನಲ್ಲಿ ಕೇಳುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಹೇಳಿದ ಶುಲ್ಕ ಮತ್ತು ಸ್ಟಾಂಪ್ ಡ್ಯೂಟಿ ಬಿಟ್ಟು ನೋಂದಣಿಗೆ ಷರತ್ತಾಗಿ ಬೇರೇನೂ ವಸೂಲಿ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಬಡವರ ಮನೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ. ಯಾರಾದರೂ ಮಧ್ಯದವರು "ನಾನು ಮಾಡಿಸಿಕೊಡ್ತೀನಿ" ಎಂದು ದುಡ್ಡು ಕೇಳಿದರೆ ಕೊಡಬೇಡಿ. ಕಟ್ಟಿದ್ದಕ್ಕೆಲ್ಲ ರಸೀದಿ ಇರಲಿ.

ನಿಮ್ಮ ಮೇಲೆ ಕ್ರಿಮಿನಲ್ ಕೇಸು ಏನಾದರೂ ಬಾಕಿ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಎಷ್ಟೋ ಸಲ ಕೇಸಿಗಿಂತ ಅದನ್ನು ಮುಚ್ಚಿಟ್ಟಿದ್ದೇ ಮುಂದೆ ದೊಡ್ಡ ತೊಂದರೆ ಆಗುತ್ತದೆ.

ಇನ್ನು ಉದ್ಯೋಗದಲ್ಲಿದ್ದು ಎಲ್‌ಎಲ್‌ಬಿ ಮಾಡಿದವರ ಪ್ರಶ್ನೆ. ಸರ್ಕಾರಿ ಕೆಲಸವೋ ಖಾಸಗಿಯೋ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವಾಗ ವಕೀಲಿಕೆ ಮಾಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನೌಕರಿಯ ವಿಷಯ ಮುಚ್ಚಿಟ್ಟು ಸನ್ನದು ಪಡೆದರೆ ಎರಡೂ ಕಡೆ ಕ್ರಮ ಎದುರಿಸಬೇಕಾಗುತ್ತದೆ. ನಿಮ್ಮ ಇಲಾಖೆಯಲ್ಲೇ ಕಾನೂನು ವಿಭಾಗಕ್ಕೆ ಹೋಗಲು, ಬಡ್ತಿಗೆ, ಕಂಪನಿಯ ಲೀಗಲ್ ಹುದ್ದೆಗೆ ಪದವಿ ಮಾತ್ರ ಸಾಕಾಗಬಹುದು. ಅಂಥವರಿಗೆ ಸನ್ನದಿನ ಅವಸರ ಇಲ್ಲ.

ಹಂತ 3: ಎಐಬಿಇ

ಅಖಿಲ ಭಾರತ ವಕೀಲರ ಪರೀಕ್ಷೆಯನ್ನೇ ಎಲ್ಲರೂ ಎಐಬಿಇ ಎನ್ನುತ್ತಾರೆ. ನೋಂದಣಿ ಆದ 2 ವರ್ಷದೊಳಗೆ ಇದನ್ನು ಪಾಸ್ ಮಾಡಿ ವಕೀಲಿಕೆ ಪ್ರಮಾಣಪತ್ರ ಪಡೆಯಬೇಕು. ಒಟ್ಟು 100 ಬಹು ಆಯ್ಕೆ ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇತ್ತೀಚಿನ ಪರೀಕ್ಷೆಗಳಲ್ಲಿ ಪಾಸಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು. ಸುಪ್ರೀಂ ಕೋರ್ಟಿನ 2024ರ ಆದೇಶದ ನಂತರ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿಗಳಿಗೂ ಅವಕಾಶ ಸಿಕ್ಕಿದೆ. ಸಾಧ್ಯವಾದರೆ ಆಗಲೇ ಬರೆದು ಮುಗಿಸಿ.

ಪರೀಕ್ಷೆಗೆ ಬೇರ್ ಆಕ್ಟ್ ತೆಗೆದುಕೊಂಡು ಹೋಗಬಹುದು. ಟಿಪ್ಪಣಿ, ವಿವರಣೆ ಏನೂ ಇಲ್ಲದೆ ಕಾಯ್ದೆ ಮಾತ್ರ ಇರುವ ಪುಸ್ತಕ ಅದು. ಪುಸ್ತಕ ಇದೆಯಲ್ಲ ಎಂದು ಓದದೆ ಹೋಗುವವರೇ ಫೇಲ್ ಆಗುವುದು. ಯಾವ ವಿಷಯ ಯಾವ ಸೆಕ್ಷನ್ ಸುತ್ತಮುತ್ತ ಇದೆ ಎಂದು ಗೊತ್ತಿಲ್ಲದಿದ್ದರೆ ಪುಟ ತಿರುವುವುದರಲ್ಲೇ ಸಮಯ ಹೋಗುತ್ತದೆ. ಹಳೆಯ ಪುಸ್ತಕ ಕೊಳ್ಳಬೇಡಿ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಆದರೆ ಕೋರ್ಟಿನಲ್ಲಿ ಹಳೆಯ ಅಪರಾಧಗಳ ಕೇಸು ಇನ್ನೂ ಐಪಿಸಿ ಸೆಕ್ಷನ್ ಮೇಲೇ ನಡೆಯುತ್ತಿರುತ್ತವೆ. ಹಾಗಾಗಿ ಎರಡೂ ಗೊತ್ತಿರಲಿ.

ಹಂತ 4: ಸೀನಿಯರ್ ಆಯ್ಕೆ ಮತ್ತು ಮೊದಲ ಮೂರು ವರ್ಷ

ಇಡೀ ವೃತ್ತಿಯಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ಇಲ್ಲ ಎಂದು ನಾನು ನಂಬಿದ್ದೇನೆ. ಎಲ್ಲರೂ ಹೆಸರು ಮಾಡಿದ ದೊಡ್ಡ ಆಫೀಸು ಹುಡುಕುತ್ತಾರೆ. ಅಲ್ಲಿ ಇಪ್ಪತ್ತು ಜನ ಜೂನಿಯರ್ ಇದ್ದರೆ ನಿಮಗೆ ಸಿಗುವುದು ಫೈಲ್ ಹೊರುವ ಕೆಲಸ ಮತ್ತು ವಾಯಿದೆ ಕೇಳುವ ಕೆಲಸ. ವಾಯಿದೆ ಎಂದರೆ ಕೇಸಿನ ಮುಂದಿನ ದಿನಾಂಕ. ನೀವು ನೋಡಬೇಕಾದದ್ದು ಮೂರು: ಆ ವಕೀಲರು ತಾವೇ ಪಾಟಿ ಸವಾಲು ಮಾಡುತ್ತಾರಾ, ಜೂನಿಯರ್ ಕೈಯಲ್ಲಿ ಡ್ರಾಫ್ಟ್ ಬರೆಸಿ ತಿದ್ದುತ್ತಾರಾ, ಅವರ ಹಳೆಯ ಜೂನಿಯರ್‌ಗಳು ಈಗ ಸ್ವಂತವಾಗಿ ನಿಂತಿದ್ದಾರಾ? ಮೂರನೆಯದಕ್ಕೆ ವಕೀಲರ ಸಂಘದ ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಕೂತರೆ ಉತ್ತರ ಸಿಗುತ್ತದೆ.

ಹೈಕೋರ್ಟಾ, ಕೆಳಗಿನ ಕೋರ್ಟಾ? ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಹೈಕೋರ್ಟ್ ಪೀಠ ಇರುವುದರಿಂದ ಆಸೆ ಸಹಜ. ಆದರೂ ಮೊದಲು ವಿಚಾರಣಾ ನ್ಯಾಯಾಲಯ ಎನ್ನುವುದು ನನ್ನ ಅಭಿಪ್ರಾಯ. ಸಾಕ್ಷಿ ಹೇಗೆ ಮಾತಾಡುತ್ತಾನೆ, ದಾಖಲೆಯನ್ನು ಹೇಗೆ ಗುರುತು ಮಾಡಿಸಬೇಕು, ಎಲ್ಲಿ ಆಕ್ಷೇಪಣೆ ಎತ್ತಬೇಕು, ಇವೆಲ್ಲ ಅಲ್ಲೇ ಕಲಿಯಬೇಕು. ಕೆಳಗೆ ತಪ್ಪಿಹೋದ ಸಾಕ್ಷ್ಯವನ್ನು ಮೇಲೆ ಸರಿಪಡಿಸುವುದು ಬಹಳ ಕಷ್ಟ. ಅದನ್ನು ಕಣ್ಣಾರೆ ಕಂಡವರು ಹೈಕೋರ್ಟಿಗೆ ಹೋದಾಗ ಫೈಲ್ ಓದುವ ರೀತಿಯೇ ಬೇರೆ ಇರುತ್ತದೆ. ಜಿಲ್ಲಾ ಕೇಂದ್ರದಲ್ಲೋ ತಾಲ್ಲೂಕಿನಲ್ಲೋ ಇರುವವರು ನಾವು ಹಿಂದೆ ಬಿದ್ದೆವು ಎಂದುಕೊಳ್ಳಬೇಡಿ. ಅಲ್ಲಿ ಬೇಗ ಎದ್ದು ನಿಲ್ಲುವ ಅವಕಾಶ ಸಿಗುತ್ತದೆ.

ಜೂನಿಯರ್ ದಿನ ಹೇಗಿರುತ್ತದೆ ಎಂದರೆ, ಹಿಂದಿನ ರಾತ್ರಿಯೇ ಕಾಸ್ ಲಿಸ್ಟ್ ನೋಡಬೇಕು. ಆ ದಿನ ಯಾವ ಕೇಸು ಎಷ್ಟನೆಯದು ಎನ್ನುವ ಪಟ್ಟಿ ಅದು. ಬೆಳಗ್ಗೆ ಕೋರ್ಟ್ ಕೂರುವ ಮೊದಲು ಪ್ರತಿ ಫೈಲ್ ತೆಗೆದು ಕೇಸು ಯಾವ ಹಂತದಲ್ಲಿದೆ ಎಂದು ಡೈರಿಯಲ್ಲಿ ಬರೆದುಕೊಳ್ಳಬೇಕು. ಉದಾಹರಣೆಗೆ ಒಂದು ಸಿವಿಲ್ ದಾವೆ ಪ್ರತಿವಾದಿಯ ಲಿಖಿತ ಹೇಳಿಕೆಗೆ ಬಾಕಿ ಇದೆ ಎನ್ನಿ. ಸುಮ್ನೆ ಸಮಯ ಕೇಳಿ ಬಂದುಬಿಡಬೇಡಿ. ಸಮನ್ಸ್ ಜಾರಿಯಾದ ದಿನ ಹುಡುಕಿ. ಲಿಖಿತ ಹೇಳಿಕೆಗೆ 30 ದಿನ, ಕೋರ್ಟ್ ಕಾರಣ ಬರೆದು ವಿಸ್ತರಿಸಿದರೆ 90 ದಿನ. ವಾಣಿಜ್ಯ ದಾವೆಯಾದರೆ 120 ದಿನ ದಾಟಿದ ಮೇಲೆ ಬಾಗಿಲು ಮುಚ್ಚಿದ ಹಾಗೇ. ಈ ತಾರೀಖನ್ನು ಸೀನಿಯರ್‌ಗೆ ಮೊದಲೇ ನೆನಪಿಸುವ ಜೂನಿಯರ್ ಕೈಗೆ ಆರು ತಿಂಗಳಲ್ಲಿ ಡ್ರಾಫ್ಟಿಂಗ್ ಬರುತ್ತದೆ.

ದುಡ್ಡಿನ ಮಾತು ಆಡೋಣ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಎಷ್ಟೋ ಆಫೀಸುಗಳಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ. ಸೇರುವ ದಿನವೇ ಎಷ್ಟು ಕೊಡುತ್ತೀರಿ, ಓಡಾಟದ ಖರ್ಚು ಯಾರದು ಎಂದು ಮರ್ಯಾದೆಯಿಂದ ಕೇಳಿ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ. ಹಿರಿಯ ವಕೀಲರ ಬಳಿಯೋ ಸರ್ಕಾರಿ ವಕೀಲರ ಬಳಿಯೋ ತರಬೇತಿಗೆ ಇರುವಾಗ ತಿಂಗಳು ತಿಂಗಳು ಬರುವ ಹಣ ಅದು. ಅರ್ಜಿ ಕರೆಯುವುದು ವರ್ಷದಲ್ಲಿ ಕೆಲವೇ ದಿನ. ಪ್ರಕಟಣೆ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವವರೇ ಜಾಸ್ತಿ. ಜಿಲ್ಲಾ ಕಚೇರಿಗೆ ಹೋಗಿ ಈ ವರ್ಷ ಯಾವಾಗ ಎಂದು ಕೇಳಿಬನ್ನಿ.

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ನೀವು ವಕಾಲತ್ತಿಗೆ ಸಹಿ ಹಾಕಿದ, ಎದ್ದು ನಿಂತು ಮಾತಾಡಿದ ಪ್ರತಿ ಕೇಸಿನ ಸಿಎನ್‌ಆರ್ ನಂಬರ್, ದಿನಾಂಕ, ಏನು ನಡೆಯಿತು, ಮೂರನ್ನೂ ಬರೆಯಿರಿ. ಸಿಎನ್‌ಆರ್ ಎಂದರೆ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಗುರುತು. ವಕಾಲತ್ತಿನಲ್ಲಿ ಸೀನಿಯರ್ ಹೆಸರಿನ ಕೆಳಗೆ ನಿಮ್ಮ ಹೆಸರೂ ಇರುವಂತೆ ನೋಡಿಕೊಳ್ಳಿ. ನೀವು ಕೋರ್ಟಿನಲ್ಲಿ ಇದ್ದಿರಿ ಎನ್ನಲು ದಾಖಲೆ ಕೇಳುವ ದಿನ ಬರುತ್ತದೆ.

ಹಂತ 5: ನಮ್ಮಲ್ಲಿ ಅನ್ನ ಕೊಡುವ ಒಂದು ವಿದ್ಯೆ ಕಲಿಯಿರಿ, ಜಮೀನಿನ ದಾಖಲೆ

ಮುಂದೆ ಜಡ್ಜ್ ಆಗಿ, ಬ್ಯಾಂಕಿಗೆ ಹೋಗಿ, ಸ್ವಂತ ಆಫೀಸು ಹಾಕಿ, ಕರ್ನಾಟಕದಲ್ಲಿ ಆಸ್ತಿ ದಾಖಲೆ ಓದಲು ಬಂದರೆ ಕೆಲಸ ಸಿಗದೆ ಇರುವುದಿಲ್ಲ. ಬ್ಯಾಂಕುಗಳು ಸಾಲ ಕೊಡುವ ಮುಂಚೆ ಪ್ಯಾನೆಲ್ ವಕೀಲರಿಂದ ಟೈಟಲ್ ಒಪಿನಿಯನ್ ತರಿಸುತ್ತವೆ. ಆಸ್ತಿಯ ಹಕ್ಕು ಮಾರುವವರ ಕೈಯಲ್ಲಿ ನಿಜವಾಗಿ ಇದೆಯಾ ಎಂದು ಪರಿಶೀಲಿಸಿ ಕೊಡುವ ವರದಿ ಅದು.

ಒಂದು ಪಹಣಿ ಕೈಗೆ ತೆಗೆದುಕೊಳ್ಳಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು. ಹೊಸಬರು ಅಲ್ಲಿಗೇ ನಿಲ್ಲುತ್ತಾರೆ. 10ನೇ ಕಾಲಂ ನೋಡಿ, ಆ ಹೆಸರು ಹೇಗೆ ಬಂತು ಎನ್ನುವುದು ಅಲ್ಲಿದೆ. ಕ್ರಯವಾ, ಪಾಲುಪಟ್ಟಿಯಾ, ಪೌತಿ ಖಾತೆಯಾ, ಮಂಜೂರಾತಿಯಾ? ಅಲ್ಲಿರುವ ಎಂಆರ್ ಸಂಖ್ಯೆ ಹಿಡಿದು ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ ದಾಖಲೆಯ, ಪ್ರತಿ ತೆಗೆಸಿ. 11ನೇ ಕಾಲಂನಲ್ಲಿ ಸಾಲ, ಇತರರ ಹಕ್ಕು, ಕೋರ್ಟ್ ತಡೆ ಇದ್ದರೆ ಬಂದಿರುತ್ತದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬಂದಿದ್ದು, ಎಂದಿದ್ದರೆ ವಂಶವೃಕ್ಷ ಕೇಳಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯಾ ನೋಡಿ. ಮುಂದೆ ಪಾಲಿನ ದಾವೆ ಹುಟ್ಟುವುದು ಅಲ್ಲೇ. ಮಂಜೂರಾತಿ ಜಮೀನಾದರೆ ಮೂಲ ಮಂಜೂರುದಾರರು ಯಾರು ಎಂದು ಕೇಳದೆ ಸಹಿ ಹಾಕಬೇಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. 2023ರ ತಿದ್ದುಪಡಿ ಬಂದ ಮೇಲೆ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ನಿಮ್ಮ ವರದಿ ನಂಬಿ ಒಂದು ಕುಟುಂಬ ಜೀವಮಾನದ ಉಳಿತಾಯ ಹಾಕುತ್ತದೆ. ಅದು ಮನಸ್ಸಿನಲ್ಲಿರಲಿ.

ಹಂತ 6: ನ್ಯಾಯಾಧೀಶರಾಗುವ ದಾರಿ

2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಹುದ್ದೆಗೆ ಕನಿಷ್ಠ 3 ವರ್ಷದ ವಕೀಲಿಕೆ ಬೇಕು ಎಂಬ ಷರತ್ತನ್ನು ಮತ್ತೆ ಜಾರಿಗೆ ತಂದಿತು. ಕಾಲೇಜು ಮುಗಿಸಿ ನೇರ ಪರೀಕ್ಷೆ ಬರೆಯುವ ದಾರಿ ಇದರಿಂದ ಮುಚ್ಚಿತು. ಸಮಾಧಾನದ ವಿಷಯ ಎಂದರೆ, 3 ವರ್ಷವನ್ನು ತಾತ್ಕಾಲಿಕ ನೋಂದಣಿಯ, ಅಂದರೆ ಮೊದಲು ಸನ್ನದು ಸಿಕ್ಕ, ದಿನದಿಂದ ಎಣಿಸಬಹುದು, ಎಐಬಿಇ ಪಾಸಾದ ದಿನದಿಂದ ಅಲ್ಲ. ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರ ಪ್ರಮಾಣಪತ್ರ ಬೇಕು, ಇಲ್ಲವೇ 10 ವರ್ಷ ಅನುಭವ ಇರುವ ವಕೀಲರು ಕೊಟ್ಟ ಪ್ರಮಾಣಪತ್ರಕ್ಕೆ ಪ್ರಧಾನ ನ್ಯಾಯಾಧೀಶರ ಸಹಿ ಬೇಕು. ಸನ್ನದು ತೆಗೆದುಕೊಂಡು ಮನೆಯಲ್ಲಿ ಕೂತು ಓದಿದವರಿಗೆ ಈ ಸಹಿ ಸಿಗುವುದು ಕಷ್ಟ. ಆ ನೋಟ್‌ಬುಕ್ ಇಲ್ಲಿ ಕೈ ಹಿಡಿಯುತ್ತದೆ.

ಕರ್ನಾಟಕದಲ್ಲಿ ಈ ಪರೀಕ್ಷೆಯನ್ನು ಹೈಕೋರ್ಟೇ ನಡೆಸುತ್ತದೆ. ಮೊದಲು ಬಹು ಆಯ್ಕೆಯ ಪೂರ್ವಭಾವಿ ಪರೀಕ್ಷೆ, ನಂತರ ಮುಖ್ಯ ಪರೀಕ್ಷೆ, ಕೊನೆಗೆ ಮೌಖಿಕ ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಮೂರು ಕಾನೂನು ಪತ್ರಿಕೆ, ಒಂದು ಅನುವಾದ ಪತ್ರಿಕೆ. ಕಾನೂನು ಪತ್ರಿಕೆಗಳಲ್ಲಿ ಸಿವಿಲ್ ಕೇಸಿಗೆ ವಿವಾದಾಂಶ ರಚಿಸುವುದು, ಕ್ರಿಮಿನಲ್ ಕೇಸಿಗೆ ದೋಷಾರೋಪ ರಚಿಸುವುದು, ತೀರ್ಪು ಬರೆಯುವುದು ಬರುತ್ತವೆ. ಪುಸ್ತಕ ಉರು ಹೊಡೆದರೆ ಇದು ಬರುವುದಿಲ್ಲ. ನಿಮ್ಮ ಕೋರ್ಟಿನ ಒಂದು ಸಣ್ಣ ಕೇಸಿನ ದಾವೆ, ಲಿಖಿತ ಹೇಳಿಕೆ, ಸಾಕ್ಷ್ಯ ಓದಿ ತೀರ್ಪು ನೀವೇ ಬರೆಯಿರಿ. ಆಮೇಲೆ ನ್ಯಾಯಾಧೀಶರು ಬರೆದ ತೀರ್ಪನ್ನು ಪಕ್ಕದಲ್ಲಿಟ್ಟು ಓದಿ. ವಾರಕ್ಕೊಂದು ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ಅನುವಾದ ಪತ್ರಿಕೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಕನ್ನಡದಲ್ಲಿ ಸಾಕ್ಷಿ ಹೇಳಿಕೆ ಬರೆಯಲು ಕೈ ಬರುವುದಿಲ್ಲ, ಕನ್ನಡ ಮೀಡಿಯಂನವರಿಗೆ ಇಂಗ್ಲಿಷ್ ವಾಕ್ಯ ಕೈ ಕೊಡುತ್ತದೆ. ದಿನಕ್ಕೆ ಅರ್ಧ ಪುಟ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಮಾಡಿ. ವಯಸ್ಸಿನ ಮಿತಿ ಮತ್ತು ಮೀಸಲಾತಿ ಸಡಿಲಿಕೆಯನ್ನು ಪ್ರತಿ ಸಲದ ಅಧಿಸೂಚನೆಯಲ್ಲೇ ನೋಡಿ, ಕೋಚಿಂಗ್ ಸೆಂಟರಿನವರ ಮಾತು ನಂಬಿ ಕೂರಬೇಡಿ.

ಹಂತ 7: ಸರ್ಕಾರದ ಪರ ವಕೀಲರು, ಕಾನೂನು ನೆರವು

ಸಹಾಯಕ ಸರ್ಕಾರಿ ಅಭಿಯೋಜಕರು, ಎಲ್ಲರೂ ಎಪಿಪಿ ಎನ್ನುವವರು, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುತ್ತಾರೆ. ನೇಮಕಾತಿ ಮಾಡುವುದು ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ. ವಕೀಲಿಕೆಯ ಅನುಭವ ಇಲ್ಲೂ ಬೇಕು. ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ, ಅದೊಂದನ್ನೇ ನಂಬಿಕೊಳ್ಳಬೇಡಿ. ಜಡ್ಜ್ ಪರೀಕ್ಷೆಗೆ ಓದುವವರು ಇದನ್ನೂ ಜೊತೆಗೆ ಇಟ್ಟುಕೊಳ್ಳಬಹುದು, ವಿಷಯ ಬಹುತೇಕ ಒಂದೇ.

ಕ್ರಿಮಿನಲ್ ಕಡೆ ಒಲವು ಇರುವ ಹೊಸಬರಿಗೆ ನಾನು ಹೆಚ್ಚು ಹೇಳುವುದು ಇನ್ನೊಂದನ್ನು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಜಿಲ್ಲೆಗಳಲ್ಲಿ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಕಚೇರಿಗಳು ಬಂದಿವೆ. ವಕೀಲರನ್ನು ಇಡಲು ಶಕ್ತಿ ಇಲ್ಲದ ಆರೋಪಿಗಳ ಪರ ಪೂರ್ಣಾವಧಿ ಕೆಲಸ ಮಾಡುವ ವಕೀಲರ ತಂಡ ಇದು. ಮುಖ್ಯಸ್ಥರು, ಉಪ ಮುಖ್ಯಸ್ಥರು, ಸಹಾಯಕರು ಎಂದು ಮೂರು ಹಂತ. ಸಹಾಯಕರ ಹುದ್ದೆಗೆ ಹೊಸ ವಕೀಲರನ್ನೇ ತೆಗೆದುಕೊಳ್ಳುತ್ತಾರೆ. ಗುತ್ತಿಗೆ ಕೆಲಸ, ತಿಂಗಳ ಗೌರವಧನ, ಖಾಸಗಿ ಕೇಸು ನಡೆಸುವಂತಿಲ್ಲ. ಆದರೆ ಜಾಮೀನು ಅರ್ಜಿಯಿಂದ ಅಂತಿಮ ವಾದದವರೆಗೆ ನಿಮ್ಮ ಕೈಯಲ್ಲೇ ನಡೆಯುತ್ತದೆ. ಜೈಲಿನಲ್ಲಿ ಯಾರೂ ಕೇಳುವವರಿಲ್ಲದೆ ಕೂತ ಒಬ್ಬರನ್ನು ಹೊರಗೆ ತರುವ ಕೆಲಸ ಸಣ್ಣದಲ್ಲ, ಅಲ್ವಾ? ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕಟಣೆ ನೋಡುತ್ತಿರಿ.

ಹಂತ 8: ತಿಂಗಳ ಸಂಬಳವೇ ಬೇಕು ಎನ್ನುವವರಿಗೆ

ಮನೆ ಜವಾಬ್ದಾರಿ ಇರುತ್ತದೆ, ಮೂರು ವರ್ಷ ಕಾಯಲು ಆಗದೆ ಇರಬಹುದು. ಈ ದಾರಿ ಹಿಡಿದರೆ ಯಾವ ರೀತಿಯಲ್ಲೂ ಕಡಿಮೆ ಅಲ್ಲ.

ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಮೂಲಕ ಸ್ಕೇಲ್-1 ಲಾ ಆಫೀಸರ್ ಹುದ್ದೆ ಇದೆ. ವಯಸ್ಸು 20ರಿಂದ 30, ಮೀಸಲಾತಿ ಇದ್ದವರಿಗೆ ಸಡಿಲಿಕೆ. ಪದವಿಯ ಜೊತೆ ಸನ್ನದೂ ಇರಬೇಕು ಎನ್ನುವುದನ್ನು ಮರೆತು ಅರ್ಜಿ ಹಾಕುವವರಿದ್ದಾರೆ, ದಾಖಲೆ ಪರಿಶೀಲನೆಯಲ್ಲಿ ಹೊರಗೆ ಹೋಗುತ್ತಾರೆ. ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯಲ್ಲಿ ಕಾನೂನು ವಿಭಾಗಕ್ಕೆ ಗ್ರೇಡ್ ಎ ಅಧಿಕಾರಿಗಳ ನೇಮಕ ನಡೆಯುತ್ತದೆ, ರಿಸರ್ವ್ ಬ್ಯಾಂಕಿನಲ್ಲಿ ಲೀಗಲ್ ಆಫೀಸರ್ ಹುದ್ದೆಗೆ ಅನುಭವ ಕೇಳುತ್ತಾರೆ.

ಕ್ಲಾಟ್ ಪಿಜಿ ಎನ್ನುವುದು ರಾಷ್ಟ್ರೀಯ ಕಾನೂನು ಶಾಲೆಗಳ ಎಲ್‌ಎಲ್‌ಎಂ ಪ್ರವೇಶ ಪರೀಕ್ಷೆ. ಎಲ್‌ಎಲ್‌ಎಂ ಬೇಡ ಎನ್ನುವವರೂ ಅದನ್ನು ಬರೆಯಬೇಕು ಎನ್ನುತ್ತೇನೆ. ಎನ್‌ಟಿಪಿಸಿ, ಪವರ್‌ಗ್ರಿಡ್, ಒಎನ್‌ಜಿಸಿಯಂಥ ಸರ್ಕಾರಿ ಕಂಪನಿಗಳು ಆ ಅಂಕದ ಮೇಲೆ ಕಾನೂನು ಅಧಿಕಾರಿಗಳನ್ನು ಆಯ್ಕೆ ಮಾಡಿವೆ. ಸೇನೆಯ ಜಾಗ್ ಶಾಖೆಗೂ ಅದು ಬೇಕು. ಜಾಗ್ ಎಂದರೆ ಸೈನ್ಯದ ಒಳಗಿನ ಕಾನೂನು ವಿಭಾಗ, ಸೇನಾ ನ್ಯಾಯಾಲಯದ ವಿಚಾರಣೆಗೆ ಕಾನೂನು ಸಲಹೆ ಕೊಡುವವರು. ಎಲ್‌ಎಲ್‌ಬಿಯಲ್ಲಿ ಶೇ. 55 ಅಂಕ, 21ರಿಂದ 27 ವಯಸ್ಸು, ಅವಿವಾಹಿತರಾಗಿರಬೇಕು. ಯುವತಿಯರಿಗೂ ಅವಕಾಶ ಇದೆ. ಎಸ್‌ಎಸ್‌ಬಿ ಸಂದರ್ಶನ, ವೈದ್ಯಕೀಯ ಪರೀಕ್ಷೆ ದಾಟಿದರೆ ಚೆನ್ನೈನಲ್ಲಿ ತರಬೇತಿ. ಓಡುವ ಅಭ್ಯಾಸ ಇಲ್ಲದವರು ಇಂದೇ ಶುರು ಮಾಡಿ.

ಕಂಪನಿ ಕೆಲಸ ಎಂದರೆ ಹೆಚ್ಚಿನದು ಬೆಂಗಳೂರಿನಲ್ಲಿ. ಕಂಪನಿಯದೇ ಉದ್ಯೋಗಿಯಾಗಿ ಅದರ ಕಾನೂನು ಕೆಲಸ ನೋಡುವುದಕ್ಕೆ ಇನ್-ಹೌಸ್ ಎನ್ನುತ್ತಾರೆ. ಸಂದರ್ಶನದಲ್ಲಿ ಒಂದು ಕರಾರು ಕೈಗೆ ಕೊಟ್ಟು ಏನು ತಪ್ಪಿದೆ ಹೇಳಿ ಎನ್ನುವುದು ಸಾಮಾನ್ಯ. ವಿದೇಶಿ ಮಾದರಿಯಿಂದ ನಕಲು ಮಾಡಿದ ಉದ್ಯೋಗ ಕರಾರಿನಲ್ಲಿ, ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತು ಇರುತ್ತದೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಇದು ನಿಲ್ಲುವುದಿಲ್ಲ ಎಂದು ನೀವು ಹೇಳಬೇಕು. ಅಷ್ಟಕ್ಕೇ ಬಿಡದೆ, ಕಂಪನಿಯ ಗುಟ್ಟು ಕಾಪಾಡುವ ಷರತ್ತನ್ನು ಗಟ್ಟಿಯಾಗಿ ಬರೆಯಿರಿ ಎಂದು ಪರಿಹಾರವನ್ನೂ ಕೊಟ್ಟರೆ ಕೆಲಸ ನಿಮ್ಮದು. ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಬಳಸಲು ಬರಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದತ್ತಾಂಶ ಗೋಪ್ಯತೆ ಬಲ್ಲವರಿಗೂ ಬೇಡಿಕೆ ಇದೆ. ಬಿಎಸ್ಸಿ, ಬಿಇ ಮಾಡಿ ಆಮೇಲೆ ಎಲ್‌ಎಲ್‌ಬಿ ಓದಿದವರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ವಿಜ್ಞಾನ ಅಥವಾ ತಂತ್ರಜ್ಞಾನ ಪದವಿ ಇಲ್ಲದವರಿಗೆ ಆ ಬಾಗಿಲು ಇಲ್ಲ.

ಕರಾರುಗಳನ್ನು ರಾಶಿ ರಾಶಿ ಓದಿ ಪಟ್ಟಿ ಮಾಡುವ ಹೊರಗುತ್ತಿಗೆ ಕಂಪನಿಗಳೂ ಇವೆ. ಶುರುವಿಗೆ ಪರವಾಗಿಲ್ಲ. ಆದರೆ ಎರಡು ವರ್ಷದ ಮೇಲೂ ಅದೇ ಕೆಲಸ ಮಾಡುತ್ತಿದ್ದರೆ ಹೊಸದು ಹುಡುಕಿ.

ಹಂತ 9: ಎಲ್‌ಎಲ್‌ಎಂ, ಪಾಠ, ಅನುವಾದ

ಏನೂ ತೋಚದೆ ಎಲ್‌ಎಲ್‌ಎಂ ಸೇರಬೇಡಿ. ಪಾಠ ಮಾಡುವ ಆಸೆ ಇದ್ದರೆ ಸೇರಿ. ಶೇ. 55 ಅಂಕದ ಎಲ್‌ಎಲ್‌ಎಂ, ಜೊತೆಗೆ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಆದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ. ವಕೀಲರಾಗಿದ್ದುಕೊಂಡೇ ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಮಾಡಲು ನಿಯಮ ಅವಕಾಶ ಕೊಟ್ಟಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಎರಡೂ ಭಾಷೆಯಲ್ಲಿ ಹಿಡಿತ ಇದ್ದರೆ ಕಾನೂನು ಅನುವಾದವನ್ನು ಮರೆಯಬೇಡಿ. ತೀರ್ಪುಗಳನ್ನು ಕನ್ನಡಕ್ಕೆ ತರುವ ಕೆಲಸ ಈಗ ಹೆಚ್ಚಾಗಿದೆ. ಯಂತ್ರ ಮಾಡಿದ ಅನುವಾದವನ್ನು ತಿದ್ದಲು ಕಾನೂನು ಗೊತ್ತಿರುವ ಕಣ್ಣು ಬೇಕೇ ಬೇಕು. ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯಲ್ಲಿ ಕಾಯ್ದೆಗಳನ್ನು ಬರೆಯುವ, ಕನ್ನಡಕ್ಕೆ ತರುವ ಕೆಲಸ ನಡೆಯುತ್ತದೆ. ತನ್ನ ಮೇಲಿನ ತೀರ್ಪನ್ನು ಕಕ್ಷಿದಾರ ತಾನೇ ಓದಿ ಅರ್ಥ ಮಾಡಿಕೊಳ್ಳಬೇಕು ಎನ್ನುವ ಆಸೆ ನನಗೆ ಗಟ್ಟಿಯಾಗಿದೆ. ಅದಕ್ಕೆ ಒಳ್ಳೆಯ ಅನುವಾದಕರು ಬೇಕು.

ಹಂತ 10: ದಾರಿ ಬದಲಿಸುವಾಗ ಮಾಡಬೇಕಾದದ್ದು

ವಕೀಲಿಕೆ ಬಿಟ್ಟು ನೌಕರಿಗೆ ಸೇರುವ ದಿನ ಬಂದರೆ, ಮೊದಲು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಿಸಿ. ಇಲ್ಲಿ ಅಮಾನತು ಎಂದರೆ ಶಿಕ್ಷೆ ಅಲ್ಲ, ನೀವೇ ಕೇಳಿ ತಾತ್ಕಾಲಿಕವಾಗಿ ನಿಲ್ಲಿಸುವುದು. ತಿಳಿಸದೆ ಸಂಬಳ ತೆಗೆದುಕೊಂಡರೆ ಅದು ವೃತ್ತಿ ದುರ್ನಡತೆ ಆಗುತ್ತದೆ. ಅಮಾನತಿನಲ್ಲಿದ್ದ ಅವಧಿ ವಕೀಲಿಕೆಯ ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲ. 2 ವರ್ಷ 10 ತಿಂಗಳು ಆಗಿರುವಾಗ ಅವಸರದಲ್ಲಿ ಕಂಪನಿ ಸೇರುವ ಬದಲು ಇನ್ನೆರಡು ತಿಂಗಳು ತಡೆದು ಅನುಭವದ ಪ್ರಮಾಣಪತ್ರ ಬರೆಸಿಕೊಂಡೇ ಹೊರಡಿ.

ನಿಮ್ಮ ಹೆಸರಿನ ವಕಾಲತ್ತು ಇರುವ ಕೇಸುಗಳನ್ನು ಹಾಗೇ ಬಿಡಬೇಡಿ. ಕಕ್ಷಿದಾರರಿಗೆ ಮುಂದಿನ ವಾಯಿದೆ ಬರೆದುಕೊಡಿ, ಮೂಲ ದಾಖಲೆಗಳನ್ನು ಎಣಿಸಿ ವಾಪಸ್ ಕೊಟ್ಟು ಸಹಿ ಪಡೆಯಿರಿ, ಹೊಸ ವಕೀಲರಿಗೆ ಆಕ್ಷೇಪಣೆ ಇಲ್ಲ ಎಂದು ಬರೆದುಕೊಡಿ. ಮತ್ತೆ ಕೋರ್ಟಿಗೆ ಬರಬೇಕೆನಿಸಿದರೆ ನೌಕರಿಯಿಂದ ಬಿಡುಗಡೆಯಾದ ಪತ್ರದೊಂದಿಗೆ ಪರಿಷತ್ತಿಗೆ ಅರ್ಜಿ ಹಾಕಿ, ಪುನರಾರಂಭದ ಆದೇಶ ಕೈಗೆ ಬಂದ ಮೇಲೆ ಮಾತ್ರ ಬ್ಯಾಂಡ್ ಕಟ್ಟಿಕೊಂಡು ಹೋಗಿ.